ಒಣಗಿಸುವ ಮನೆಗೆ ಎಚ್ಚರಿಕೆ ಗಂಟೆ: ಹೊಗೆ ನೋಡುವುದೋ, ಶಾಖ ನೋಡುವುದೋ?

ಸುಗ್ಗಿ ಹತ್ತಿರ ಬಂದಂತೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಲೆಕ್ಕ, ಮುಂಗಡದ ಮಾತು ಎಲ್ಲ ಮುಗಿಸಿ ಏಳುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳುವುದು ಈಚೆಗೆ ವಾಡಿಕೆಯಾಗಿದೆ. "ಡ್ರೈಯರಿಗೆ ಒಂದು ಹೊಗೆ ಗಂಟೆ ಕಟ್ಟಿಸಬೇಕೆಂದಿದ್ದೇವೆ, ಯಾವುದು ತರೋಣ?" ಕೇಳುವುದರಲ್ಲಿ ಅರ್ಥವಿದೆ. ೨೦೨೧ರ ನವೆಂಬರ್ ತಿಂಗಳ ಅಕಾಲ ಮಳೆಯನ್ನು ಯಾರೂ ಮರೆತಿಲ್ಲ. ಹಣ್ಣಾದ ಕಾಫಿ ಗಿಡದಲ್ಲೇ ಒಡೆದು ಉದುರಿತು, ಕಣದಲ್ಲಿದ್ದದ್ದು ಬೂಸಲು ಹಿಡಿಯಿತು, ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಲೋಳೆಯಾಯಿತು. ಬಿಸಿಲನ್ನು ನಂಬಿ ಕುಳಿತರೆ ಆಗದು ಎಂದು ಅಂದಿನಿಂದ ನಮ್ಮಲ್ಲಿ ಅನೇಕರು ಸೌದೆ ಒಲೆಯ ಡ್ರೈಯರುಗಳನ್ನು ಹಾಕಿಸಿಕೊಂಡರು. ಡ್ರೈಯರು ಬಂದ ಮನೆಗೆ ರಾತ್ರಿಯ ಬೆಂಕಿಯೂ ಬಂತು, ಅದರ ಹೆದರಿಕೆಯೂ ಬಂತು.

ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ಒಂದೇ ಸಂಗತಿ. ಒಲೆ ಉರಿಯುವ, ಹಬೆ ಏಳುವ, ಹೊಟ್ಟು ಹಾರುವ ಜಾಗದಲ್ಲಿ ಪೇಟೆಯ ಸಾಮಾನ್ಯ ಹೊಗೆ ಗಂಟೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಶಾಖವನ್ನು ನೋಡುವ ಸಾಧನ ಬೇಕು. ಹೊಗೆ ನೋಡುವ ಸಾಧನಕ್ಕೂ ಸ್ಥಾನವಿದೆ, ಆದರೆ ಅದು ಡ್ರೈಯರಿನ ಮೇಲಲ್ಲ, ಪಕ್ಕದ ಕೋಣೆಯಲ್ಲಿ. ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ, ನಮ್ಮ ಸದಸ್ಯರೊಬ್ಬರ ನಷ್ಟದಿಂದ ಕಲಿತದ್ದು.

ಅವರದು ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ. ಡ್ರೈಯರು ಮನೆಯ ಹಿಂದಿನ ಕೊಟ್ಟಿಗೆಗೆ ತಾಗಿ ಇಳಿಸಿದ ತಗಡಿನ ಮಾಡಿನಡಿ ಇತ್ತು. ಮಗ ಪೇಟೆಯಿಂದ ಒಂದು ಹೊಗೆ ಗಂಟೆ ತಂದು, ಡ್ರೈಯರಿನ ನೆತ್ತಿಗೆ ಸರಿಯಾಗಿ ಮಾಡಿನ ಜಂತಿಗೆ ಹೊಡೆದರು. ಮೊದಲನೆಯ ರಾತ್ರಿಯೇ ಅದು ಆರೇಳು ಸಲ ಕೂಗಿತು. ಒಮ್ಮೆ ಒಲೆಯ ಬಾಗಿಲು ತೆಗೆದು ಸೌದೆ ತುಂಬಿದಾಗ, ಒಮ್ಮೆ ಪಕ್ಕದಲ್ಲಿ ಅಡಿಕೆ ಬೇಯುವ ಹಂಡೆಯ ಮುಚ್ಚಳ ಎತ್ತಿದಾಗ, ಮತ್ತೊಮ್ಮೆ ಏನೂ ಇಲ್ಲದೆ. ಒಲೆ ನೋಡುತ್ತಿದ್ದ ಆಳು, "ಅಯ್ಯಾ, ಇದು ಸುಮ್ನೆ ಬಡ್ಕೊಳ್ತದೆ, ನಿದ್ದೆ ಮಾಡೂಕೆ ಬಿಡೂದಿಲ್ಲ" ಎಂದ. ನಾಲ್ಕನೆಯ ದಿನ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರು. ಮೂರನೆಯ ವಾರ, ಜರಡಿಯಿಂದ ಕೆಳಗೆ ಬಿದ್ದ ಸಿಪ್ಪೆಯ ಪುಡಿ ಬಿಸಿ ಕೊಳವೆಯ ಮೇಲೆ ಕೂತು, ಸಂಜೆಯಿಂದ ಒಳಗೊಳಗೇ ಕರಿದು, ರಾತ್ರಿ ಎರಡು ಗಂಟೆಗೆ ಹೊತ್ತಿಕೊಂಡಿತು. ಮೊದಲು ನೋಡಿದವರು ಎದುರು ದಿಣ್ಣೆಯ ಮನೆಯವರು. ನಾಲ್ಕು ಕ್ವಿಂಟಾಲ್ ಅಡಿಕೆ, ತಗಡು, ಜಂತಿ ಹೋದವು. ದನಗಳನ್ನು ಬಿಚ್ಚಲು ಸಮಯ ಸಿಕ್ಕಿತು. ಚೀಲ ಬಿಚ್ಚಿ ನೋಡಿದಾಗ ಗಂಟೆಯ ಮೇಲ್ಮೈ ಕರಗಿ ಸೊಟ್ಟಗಾಗಿತ್ತು.

ಗಂಟೆಯದೂ ತಪ್ಪಲ್ಲ, ಆಳಿನದೂ ತಪ್ಪಲ್ಲ ಎಂಬುದು ನಮ್ಮ ಅಭಿಪ್ರಾಯ. ಸುಳ್ಳು ಕೂಗನ್ನು ಮೂರು ರಾತ್ರಿ ಕೇಳಿದವನು ನಾಲ್ಕನೆಯ ರಾತ್ರಿ ಕಿವಿ ಮುಚ್ಚಿಕೊಳ್ಳುವುದು ಸಹಜ. ತಪ್ಪಿದ್ದು ಆಯ್ಕೆಯಲ್ಲಿ.

ಹಾಗಾದರೆ ಆ ಗಂಟೆ ನೋಡುವುದು ಏನನ್ನು? ಅಂಗಡಿಯಲ್ಲಿ ಸ್ಮೋಕ್ ಡಿಟೆಕ್ಟರ್ ಎಂದು ಕೇಳಿದರೆ ಈಗ ಸಾಮಾನ್ಯವಾಗಿ ಸಿಗುವುದು ಬೆಳಕಿನ ಜಾತಿಯದು. ಅದರೊಳಗೆ ಕಪ್ಪು ಗೂಡೊಂದಿರುತ್ತದೆ. ಒಂದು ಬದಿಯಿಂದ ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸುತ್ತಾರೆ, ಇನ್ನೊಂದು ಬದಿಯಲ್ಲಿ ಬೆಳಕನ್ನು ಗುರುತಿಸುವ ಕಣ್ಣು ಇರುತ್ತದೆ. ಆ ಬೆಳಕು ನೇರವಾಗಿ ಕಣ್ಣಿಗೆ ಬೀಳದಂತೆ ಓರೆಯಾಗಿ ಇಟ್ಟಿರುತ್ತಾರೆ. ಹೊಗೆ ಒಳಗೆ ಬಂದರೆ ಅದರ ಕಣಗಳು ಬೆಳಕನ್ನು ಚೆದರಿಸುತ್ತವೆ, ಕಣ್ಣಿಗೆ ಬೆಳಕು ತಾಗುತ್ತದೆ, ಗಂಟೆ ಕೂಗುತ್ತದೆ. ಮಾಡಿನ ಕಿಂಡಿಯಿಂದ ಬಂದ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವುದನ್ನು ನೋಡಿದವರಿಗೆ ಇದು ಹೊಸ ವಿದ್ಯೆಯಲ್ಲ. ತೊಡಕೂ ಅಲ್ಲೇ ಇದೆ. ಆ ಕೋಲಿನಲ್ಲಿ ಹೊಗೆ ಹೊಳೆದಂತೆಯೇ ಹಬೆಯೂ ಹೊಳೆಯುತ್ತದೆ, ಪಾರ್ಚ್‌ಮೆಂಟ್ ಹೊಟ್ಟೂ ಹೊಳೆಯುತ್ತದೆ, ದೀಪಕ್ಕೆ ಮುತ್ತುವ ಹುಳುವೂ ಹೊಳೆಯುತ್ತದೆ. ಗಂಟೆಗೆ ಎಲ್ಲವೂ ಒಂದೇ.

ಇನ್ನೊಂದು ಹಳೆಯ ಜಾತಿಯಿದೆ. ಅದರಲ್ಲಿ ಅಮೆರೀಸಿಯಂ ೨೪೧ ಎಂಬ ವಿಕಿರಣ ಧಾತುವಿನ ಚೂರೊಂದನ್ನು ಇಟ್ಟು, ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿರುತ್ತಾರೆ. ಹೊಗೆ ಬಂದರೆ ಹರಿವು ಕಡಿಮೆಯಾಗುತ್ತದೆ. ೧೯೩೦ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆ ಹಚ್ಚುವ ಯಂತ್ರ ಮಾಡಹೊರಟು, ಅದು ಕೈಗೂಡದೆ ಬೇಸತ್ತು ಸಿಗರೇಟು ಹಚ್ಚಿದಾಗ ಅಳತೆಯ ಮುಳ್ಳು ಅಲ್ಲಾಡಿತಂತೆ. ಈ ಗಂಟೆಯ ಹುಟ್ಟಿನ ಕಥೆ ಅಲ್ಲಿಂದ ಶುರು. ಧಗಧಗನೆ ಉರಿಯುವ ಬೆಂಕಿಯ ಸಣ್ಣ ಕಣಗಳನ್ನು ಇದು ಬೇಗ ಹಿಡಿಯುತ್ತದೆ. ಆದರೆ ನಮ್ಮ ಡ್ರೈಯರಿನ ಬೆಂಕಿ ಮೊದಲು ಗಂಟೆಗಟ್ಟಲೆ ಒಳಗೊಳಗೇ ಕರಿಯುವ ಬೆಂಕಿ. ಅದರ ದಪ್ಪ ಹೊಗೆಗೆ ಬೆಳಕಿನ ಜಾತಿಯದೇ ವಾಸಿ. ಮೇಲಾಗಿ ವಿಕಿರಣ ವಸ್ತುವಿರುವ ಸಾಧನವನ್ನು ಹಾಳಾಯಿತೆಂದು ಗೊಬ್ಬರಗುಂಡಿಗೆ ಎಸೆಯುವಂತಿಲ್ಲ. ಆದ್ದರಿಂದ ಈ ಜಾತಿಯನ್ನು ಇಲ್ಲಿಗೇ ಬಿಡೋಣ.

ಎರಡು ಜಾತಿಗೂ ಸಮಾನವಾದ ಕೊರತೆ ಶಾಖವನ್ನು ತಾಳದಿರುವುದು. ಮನೆಗೆಂದು ಮಾರುವ ಎಷ್ಟೋ ಗಂಟೆಗಳ ಚೀಟಿಯಲ್ಲಿ ೩೮ ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದು ಬರೆದಿರುತ್ತದೆ. ಕಾರ್ಖಾನೆ, ಕಚೇರಿಗಳಿಗೆಂದು ಮಾಡಿದವು ೫೦ರ ಆಸುಪಾಸು ತಾಳುತ್ತವೆ. ಡ್ರೈಯರಿನ ನೆತ್ತಿಯಲ್ಲಿ ೬೦ ದಾಟುವುದು ದಿನನಿತ್ಯದ ಮಾತು. ಅಲ್ಲಿ ಒಳಗಿನ ಬಿಡಿಭಾಗ ಬೇಗ ಕೆಡುತ್ತದೆ. ಕೆಟ್ಟದ್ದು ಒಂದೋ ಸದಾ ಕೂಗುತ್ತದೆ, ಇಲ್ಲವೇ ಎಂದೂ ಕೂಗುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ, ಯಾಕೆಂದರೆ ಗಂಟೆ ಇದೆಯೆಂದು ನಂಬಿ ನಾವು ಮಲಗಿರುತ್ತೇವೆ.

ಈಗ ಶಾಖ ಸೂಚಕದ ವಿಚಾರ. ಇದಕ್ಕೆ ಹೊಗೆಯ ಗೊಡವೆಯಿಲ್ಲ, ಹಬೆಯ ಗೊಡವೆಯಿಲ್ಲ. ಗೊತ್ತು ಮಾಡಿದ ಉಷ್ಣತೆಯನ್ನು ಗಾಳಿ ಮುಟ್ಟಿತೆಂದರೆ ಕೂಗುತ್ತದೆ. ಗೊತ್ತು ಮಾಡುವುದು ಎಷ್ಟಕ್ಕೆ ಎಂಬುದರಲ್ಲಿಯೇ ಎಲ್ಲ ಜಾಣತನವಿದೆ.

ಕೊಳ್ಳುವ ಮೊದಲು ಅಳೆಯಿರಿ. ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ತೋರಿಸುವ ಉಷ್ಣಮಾಪಕವನ್ನು ಸೂಚಕ ಕೂರಿಸಬೇಕೆಂದಿರುವ ಜಾಗದಲ್ಲೇ ತೂಗುಹಾಕಿ, ಒಂದು ಹಾಕು ಅಡಿಕೆ ಅಥವಾ ಕಾಫಿ ಪೂರ್ತಿ ಒಣಗುವವರೆಗೆ ಬಿಡಿ. ನಡುವೆ ತೆಗೆದುಬಿಡಬೇಡಿ. ಇದಕ್ಕೆ ಕಾರಣವಿದೆ. ಸರಕು ಹಸಿಯಿರುವಾಗ ಒಲೆಯ ಶಾಖದ ಬಹುಪಾಲು ನೀರನ್ನು ಆವಿ ಮಾಡಲು ಹೋಗುತ್ತದೆ, ಮೇಲೆ ಬರುವ ಗಾಳಿ ತಂಪಾಗಿರುತ್ತದೆ. ಒಣಗುತ್ತಾ ಬಂದಂತೆ ಕುಡಿಯಲು ನೀರಿಲ್ಲದೆ ಅದೇ ಶಾಖ ನೇರವಾಗಿ ಮೇಲಕ್ಕೆ ಬರುತ್ತದೆ. ಒಲೆಗೆ ಒಂದು ಕೊರಡು ಹೆಚ್ಚು ಹಾಕದಿದ್ದರೂ ಕೊನೆಯ ರಾತ್ರಿ ನೆತ್ತಿಯ ಉಷ್ಣತೆ ತಾನೇ ಏರುತ್ತದೆ. ಮೊದಲ ದಿನದ ಅಳತೆಗೆ ಸೂಚಕ ತಂದವರು ಕೊನೆಯ ರಾತ್ರಿ ಸುಳ್ಳು ಕೂಗಿಗೆ ಏಳುತ್ತಾರೆ. ಬೆಂಕಿಯ ಅಪಾಯ ನಿಜಕ್ಕೂ ಹೆಚ್ಚಿರುವುದು ಅದೇ ಕೊನೆಯ ಘಟ್ಟದಲ್ಲಿ ಎಂಬುದನ್ನೂ ಗಮನಿಸಿರಿ. ಒಣಗಿದ ಸಿಪ್ಪೆ, ಒಣಗಿದ ಹೊಟ್ಟು, ಬಿಸಿ ಕೊಳವೆ ಮೂರೂ ಆಗಲೇ ಜೊತೆಗೂಡುವುದು.

ಅಳೆದಾಗ ಅತಿ ಹೆಚ್ಚೆಂದರೆ ೬೨ ಡಿಗ್ರಿ ಬಂತೆಂದು ಇಟ್ಟುಕೊಳ್ಳೋಣ. ಅಮೆರಿಕದ ಅಗ್ನಿಸುರಕ್ಷೆಯ ನಿಯಮದಲ್ಲಿ, ಜಾಗದ ಅತ್ಯಧಿಕ ಉಷ್ಣತೆಗಿಂತ ಕನಿಷ್ಠ ೧೧ ಡಿಗ್ರಿ ಮೇಲೆ ಕೂಗುವ ಸೂಚಕವಿರಬೇಕು ಎಂದಿದೆ. ೬೨ಕ್ಕೆ ೧೧ ಕೂಡಿದರೆ ೭೩. ಯುರೋಪಿನ ಇಎನ್ ೫೪ ಮಾನಕದ ಪ್ರಕಾರ ಮಾಡಿದ ಸೂಚಕಗಳ ಮೇಲೆ ಎ, ಬಿ, ಸಿ, ಡಿ ಎಂದು ವರ್ಗ ಒತ್ತಿರುತ್ತದೆ. ಮನೆ, ಉಗ್ರಾಣಗಳ ಎ-೨ ವರ್ಗದ್ದು ಜಾಗ ೫೦ ಡಿಗ್ರಿ ಮೀರಬಾರದ ಕಡೆಗೆ, ಅದು ೫೪ರಿಂದ ೭೦ರೊಳಗೆ ಕೂಗುತ್ತದೆ. ಬಿ ವರ್ಗ ೬೫ ಡಿಗ್ರಿಯವರೆಗಿನ ಜಾಗಕ್ಕೆ, ಕೂಗುವುದು ೬೯ರಿಂದ ೮೫ರೊಳಗೆ. ಸಿ ವರ್ಗ ೮೦ರವರೆಗಿನ ಜಾಗಕ್ಕೆ, ಕೂಗುವುದು ೮೪ರಿಂದ ೧೦೦ರೊಳಗೆ. ಡಿ ವರ್ಗ ೯೫ರವರೆಗಿನ ಜಾಗಕ್ಕೆ, ಕೂಗುವುದು ೯೯ರಿಂದ ೧೧೫ರೊಳಗೆ. ನಮ್ಮ ೬೨ ಡಿಗ್ರಿಯ ಜಾಗಕ್ಕೆ ಬಿ ಸಾಲುವಂತೆ ಕಂಡರೂ ಅದು ೬೯ಕ್ಕೇ ಕೂಗಬಹುದು, ಅಂತರ ಏಳೇ ಡಿಗ್ರಿ. ಒಲೆ ಸ್ವಲ್ಪ ಜೋರಾದರೆ ಸಾಕು. ಆದ್ದರಿಂದ ಸಿ ತರುವುದು ಸರಿ. ಅಂಗಡಿಯವರು "ಎಲ್ಲ ಒಂದೇ ಸ್ವಾಮಿ" ಎಂದು ೫೭ ಡಿಗ್ರಿಯದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ.

ವರ್ಗದ ಅಕ್ಷರದ ಪಕ್ಕದಲ್ಲಿ ಕೆಲವು ಸೂಚಕಗಳಿಗೆ ಆರ್ ಅಥವಾ ಎಸ್ ಎಂಬ ಇನ್ನೊಂದು ಅಕ್ಷರವಿರುತ್ತದೆ. ಚಿಕ್ಕದಾದರೂ ಬಹಳ ಮುಖ್ಯವಾದದ್ದು. ಆರ್ ಎಂದರೆ ಉಷ್ಣತೆ ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ಬೇಗ ಏರುತ್ತಿದೆ ಎಂಬುದನ್ನೂ ನೋಡುವಂಥದು. ಈ ಬಗೆಯವು ಸಾಮಾನ್ಯವಾಗಿ ನಿಮಿಷಕ್ಕೆ ೮ ಡಿಗ್ರಿಯಷ್ಟು ಏರಿದರೆ ಕೂಗುತ್ತವೆ. ತಂಪಾದ ಉಗ್ರಾಣಕ್ಕೆ ಇದು ಉತ್ತಮ, ಬೆಂಕಿಯನ್ನು ಬೇಗ ಹಿಡಿಯುತ್ತದೆ. ಒಲೆಯ ಮನೆಗೆ ಮಾತ್ರ ಬೇಡ. ಒಲೆಯ ಬಾಗಿಲು ತೆಗೆದಾಗ, ಜರಡಿ ಎಳೆದಾಗ ಬಿಸಿ ಗಾಳಿ ಒಮ್ಮೆಗೇ ಮೇಲೆ ಹೋಗುತ್ತದೆ. ಎಸ್ ಎಂದರೆ ಎಷ್ಟೇ ವೇಗವಾಗಿ ಏರಿದರೂ ತನ್ನ ಗಡಿಯನ್ನು ಮುಟ್ಟುವವರೆಗೆ ಸುಮ್ಮನಿರುವಂಥದು. ಅಡಿಗೆಮನೆ, ಬಾಯ್ಲರ್ ಮನೆಗಳಿಗೆ ಇದನ್ನೇ ಹಾಕುತ್ತಾರೆ. ನಮಗೂ ಅದೇ. ನಮ್ಮ ದೇಶದ ಮಾನಕದಲ್ಲಿ ಶಾಖ ಸೂಚಕಕ್ಕೆ ಐಎಸ್ ೨೧೭೫, ಹೊಗೆ ಸೂಚಕಕ್ಕೆ ಐಎಸ್ ೧೧೩೬೦, ಆಯ್ಕೆ ಮತ್ತು ಅಳವಡಿಕೆಗೆ ಐಎಸ್ ೨೧೮೯ ಎಂಬ ಸಂಖ್ಯೆಗಳಿವೆ. ರಶೀತಿಯಲ್ಲಿ ಈ ಸಂಖ್ಯೆಯನ್ನೂ ವರ್ಗವನ್ನೂ ಬರೆಸಿಕೊಳ್ಳಿರಿ.

ಶಾಖ ಸೂಚಕಕ್ಕೊಂದು ದೊಡ್ಡ ದೋಷವಿದೆ, ಮುಚ್ಚಿಡುವುದಿಲ್ಲ. ಅದು ತಡ. ಕೆಳಗೆ ಕೊಳವೆಯ ಮೇಲೆ ಸಿಪ್ಪೆ ಕರಿಯುತ್ತಿರುವಾಗ ಹತ್ತು ಅಡಿ ಮೇಲಿನ ಗಾಳಿ ಬಿಸಿಯಾಗಿರುವುದಿಲ್ಲ. ಅದು ಕೂಗುವ ಹೊತ್ತಿಗೆ ಉರಿ ಎದ್ದಿರುತ್ತದೆ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ಗಾಡಿ ನಮ್ಮ ಘಾಟಿಯ ರಸ್ತೆ ಹತ್ತಿ ಬರುವಷ್ಟರಲ್ಲಿ ಆಗಬೇಕಾದದ್ದು ಆಗಿ ಮುಗಿದಿರುತ್ತದೆ. ಆದ್ದರಿಂದ ನೆತ್ತಿಯ ಸೂಚಕದ ಜೊತೆಗೆ ಬೆಂಕಿ ಹುಟ್ಟುವ ಜಾಗದಲ್ಲೇ ಶಾಖ ನೋಡುವ ಎರಡು ದಾರಿಗಳನ್ನು ಹೇಳುತ್ತೇವೆ.

ಒಂದು, ಶಾಖ ಕೇಬಲ್. ನೋಡಲು ಸಾಧಾರಣ ತಂತಿಯಂತೆಯೇ ಇರುತ್ತದೆ. ಒಳಗೆ ಹೊಸೆದ ಎರಡು ತಂತಿಗಳು, ನಡುವೆ ಗೊತ್ತಾದ ಉಷ್ಣತೆಗೆ ಮೆತ್ತಗಾಗುವ ಪ್ಲಾಸ್ಟಿಕ್. ಕೇಬಲಿನ ಉದ್ದದಲ್ಲಿ ಎಲ್ಲೇ ಆ ಶಾಖ ತಾಗಲಿ, ಅಲ್ಲಿ ಪ್ಲಾಸ್ಟಿಕ್ ಸೋತು ತಂತಿಗಳು ಕೂಡುತ್ತವೆ, ಗಂಟೆ ಹೊಡೆಯುತ್ತದೆ. ೬೮, ೮೮, ೧೦೫, ೧೩೮, ೧೮೦ ಡಿಗ್ರಿ ಎಂಬಂತೆ ಬೇರೆ ಬೇರೆ ಗಡಿಯವು ಸಿಗುತ್ತವೆ. ಜರಡಿಯ ಚೌಕಟ್ಟಿನ ಹೊರಸುತ್ತಿಗೆ, ಒಲೆಯ ಬಾಯಿಂದ ಸೌದೆ ರಾಶಿಯ ಕಡೆಗೆ, ಮಾಡಿನ ಜಂತಿಗುಂಟ ಇದನ್ನು ಎಳೆಯಬಹುದು. ಧೂಳು, ಹಬೆ, ಮಸಿ ಯಾವುದಕ್ಕೂ ಇದು ಅಂಜುವುದಿಲ್ಲ. ಒಮ್ಮೆ ಸುಟ್ಟ ಭಾಗವನ್ನು ಕತ್ತರಿಸಿ ಹೊಸದನ್ನು ಜೋಡಿಸಬೇಕು ಎಂಬುದೊಂದು ಖರ್ಚು. ನಮ್ಮ ಕಡೆ ಇದರ ಶತ್ರು ಬೆಂಕಿಯಲ್ಲ, ಇಲಿ. ಉಕ್ಕಿನ ಹೆಣಿಗೆ ಹೊದಿಸಿದ ಕೇಬಲನ್ನೇ ಕೇಳಿ ತರಬೇಕು.

ಎರಡು, ಥರ್ಮೋಕಪಲ್. ಸಣ್ಣ ಬೆಳೆಗಾರರಿಗೆ ಹೆಚ್ಚು ಒಪ್ಪುವುದು ಇದೇ ಎಂಬುದು ನಮ್ಮ ಅಭಿಪ್ರಾಯ. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಯನ್ನು ಬೆಸೆದು ಬಿಸಿ ಮಾಡಿದರೆ ಅವುಗಳಲ್ಲಿ ಅತಿ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಅದನ್ನು ಅಳೆದು ಡಿಗ್ರಿಯಲ್ಲಿ ತೋರಿಸುವ ಪೆಟ್ಟಿಗೆಯೊಂದು ಗೋಡೆಯ ಮೇಲೆ. ಕೆ ಜಾತಿಯದು ಸಾವಿರ ಡಿಗ್ರಿಯನ್ನೂ ತಾಳುತ್ತದೆ, ಒಲೆಯ ಹತ್ತಿರ ಇದಕ್ಕೇನೂ ಆಗದು. ಒಂದು ಕಡ್ಡಿಯನ್ನು ಜರಡಿಯ ಕೆಳಗೆ ಸಿಪ್ಪೆಯ ಪುಡಿ ಕೂರುವ ಜಾಗದಲ್ಲಿ, ಆದರೆ ಕೊಳವೆಗೆ ತಾಗದಂತೆ ಇಡಿ. ಇನ್ನೊಂದನ್ನು ತೇವದ ಗಾಳಿ ಹೊರಹೋಗುವ ಕಿಂಡಿಯಲ್ಲಿ ಇಡಿ. ಈ ಎರಡನೆಯದು ಬೆಂಕಿಯ ಕಾವಲಿನ ಜೊತೆಗೆ ಸರಕು ಎಷ್ಟು ಒಣಗಿತೆಂಬುದನ್ನೂ ಹೇಳುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ೪೦ ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಿದರೆ ಗುಣ ಕೆಡುತ್ತದೆಂದು ಎಲ್ಲರೂ ಬಲ್ಲೆವು, ಆದರೆ ಕೈಯಿಂದ ಮುಟ್ಟಿ ೪೦ ಯಾವುದು, ೫೫ ಯಾವುದು ಎಂದು ಹೇಳಬಲ್ಲವರು ಎಷ್ಟು ಮಂದಿ? ಬೆಂಕಿಗೆಂದು ತಂದ ಪೆಟ್ಟಿಗೆ ಕಾಫಿಯ ದರವನ್ನೂ ಕಾಯುತ್ತದೆ.

ಥರ್ಮೋಕಪಲ್ ಕೂರಿಸುವಾಗ ವಿದ್ಯುತ್ ಕೆಲಸದವರು ಮಾಡುವ ಎರಡು ತಪ್ಪುಗಳನ್ನು ನಾವು ಕಂಡಿದ್ದೇವೆ. ಕಡ್ಡಿಯ ತಂತಿ ಗಿಡ್ಡವಾಯಿತೆಂದು ಮನೆಯಲ್ಲಿದ್ದ ತಾಮ್ರದ ತಂತಿ ಜೋಡಿಸುತ್ತಾರೆ. ಆಗ ಪೆಟ್ಟಿಗೆ ತೋರಿಸುವ ಡಿಗ್ರಿ ತಪ್ಪುತ್ತದೆ. ಅದಕ್ಕೆಂದೇ ಇರುವ ಅದೇ ಜಾತಿಯ ತಂತಿಯನ್ನು ಜೋಡಿಸಬೇಕು. ಇನ್ನೊಂದು, ಒಲೆಯ ಪಕ್ಕದಲ್ಲಿ ಸಾಮಾನ್ಯ ಪಿವಿಸಿ ತಂತಿ ಎಳೆಯುವುದು. ಅದು ೭೦ ಡಿಗ್ರಿಗಷ್ಟೇ ಮಾಡಿದ್ದು. ಗಾಜಿನ ನೂಲಿನ ಹೊದಿಕೆಯ ಅಥವಾ ಸಿಲಿಕೋನ್ ಹೊದಿಕೆಯ ತಂತಿ ಬೇಕು.

ಪೆಟ್ಟಿಗೆಯನ್ನು ಕೊಳ್ಳುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿರಿ: "ಕಡ್ಡಿಯ ತಂತಿ ತುಂಡಾದರೆ ಗಂಟೆ ಹೊಡೆಯುತ್ತದೋ, ಸುಮ್ಮನಿರುತ್ತದೋ?" ಹೊಡೆಯುವಂಥದನ್ನೇ ತನ್ನಿ. ಶಾಖ ಕೇಬಲಿಗೂ ಇದೇ ಮಾತು. ಇಲಿ ಕಡಿದ ರಾತ್ರಿಯೇ ಎದ್ದು ಬೈದುಕೊಳ್ಳುವುದು, ಕಡಿದದ್ದು ಗೊತ್ತಾಗದೆ ಒಂದು ಸುಗ್ಗಿ ಕಳೆಯುವುದಕ್ಕಿಂತ ಮೇಲು.

ಹೊಗೆ ಸೂಚಕ ಎಲ್ಲಿರಬೇಕು? ಡ್ರೈಯರಿನ ಮನೆಗೂ ವಾಸದ ಮನೆಗೂ ನಡುವಿನ ಹಜಾರದಲ್ಲಿ, ಒಣಗಿದ ಸರಕು ತುಂಬಿದ ಕೋಣೆಯಲ್ಲಿ, ಅಟ್ಟದಲ್ಲಿ. ಅಲ್ಲಿ ದಿನವೂ ಹೊಗೆಯಿರುವುದಿಲ್ಲ, ಆದ್ದರಿಂದ ಕಂಡ ಹೊಗೆ ಹೊಸ ಹೊಗೆಯೇ. ಬಾಗಿಲಿನ ನೇರಕ್ಕೆ ಬೇಡ, ಗೋಡೆಯೂ ಮಾಡೂ ಕೂಡುವ ಮೂಲೆಯಲ್ಲೂ ಬೇಡ, ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಬರೀ ತಗಡಿನ ಮಾಡಾದರೆ ಮಾರ್ಚ್ ತಿಂಗಳ ಮಧ್ಯಾಹ್ನ ನೆತ್ತಿಯಲ್ಲಿ ೫೦ರ ಹತ್ತಿರ ಬರುವುದುಂಟು, ಅಲ್ಲಿ ಒಂದಡಿ ಇಳಿಸಿ ಕಟ್ಟಬೇಕು. ತಿಂಗಳಿಗೊಮ್ಮೆ ಒಣ ಕುಂಚದಿಂದ ಧೂಳು ತೆಗೆಯಿರಿ. ಮಳೆಗಾಲ ಕಳೆದ ಮೇಲೆ ನೋಡಿದರೆ ಒಳಗೆ ಜೇಡ ಸಂಸಾರ ಹೂಡಿರುತ್ತದೆ.

ಗಾಳಿಯನ್ನು ಕೊಳವೆಯಿಂದ ಎಳೆದುಕೊಂಡು ದೂರದ ತಂಪು ಕೋಣೆಯಲ್ಲಿ ಪರೀಕ್ಷಿಸುವ ಹೊಗೆ ಯಂತ್ರವೂ ಇದೆ. ಗಾಳಿ ಕೊಳವೆಯಲ್ಲಿ ಹರಿದು ಬರುವಷ್ಟರಲ್ಲಿ ತಣಿಯುತ್ತದೆ, ಧೂಳು ಸೋಸಿಹೋಗುತ್ತದೆ, ಆದ್ದರಿಂದ ಬಿಸಿ ಜಾಗದ ಹೊಗೆಯನ್ನೂ ಬಹಳ ಬೇಗ ಹಿಡಿಯಬಲ್ಲುದು. ಕಾಫಿ ಕ್ಯೂರಿಂಗ್ ಕಾರ್ಖಾನೆಗೆ, ದೊಡ್ಡ ಉಗ್ರಾಣಕ್ಕೆ ಯೋಗ್ಯ. ಐದೆಕರೆಯವರ ಡ್ರೈಯರಿಗಿಂತ ಅದರ ಬೆಲೆಯೇ ಹೆಚ್ಚಾದೀತು. ಉರಿಯ ಬೆಳಕನ್ನು ನೋಡುವ ಸಾಧನವನ್ನು ಯಾರಾದರೂ ಮಾರಲು ಬಂದರೆ, ಒಲೆಯ ಬಾಗಿಲು ತೆಗೆದಾಗಲೆಲ್ಲ ಅದು ಏನು ಮಾಡುತ್ತದೆಂದು ಕೇಳಿರಿ.

ಈಚೆಗೆ ಕೆಲವು ಸದಸ್ಯರು ಕಾಫಿಯನ್ನು ತಾವೇ ಹುರಿದು ಪುಡಿ ಮಾಡಿ ಮಾರಲು ತೊಡಗಿದ್ದಾರೆ, ಸಂತೋಷ. ಹುರಿಯುವ ಯಂತ್ರದಲ್ಲಿ ಬೀಜದ ಉಷ್ಣತೆ ೨೦೦ ಡಿಗ್ರಿ ದಾಟುತ್ತದೆ, ಹೊಗೆ ಬರುವುದೇ ಅದರ ಧರ್ಮ. ಅಲ್ಲಿ ಬೆಂಕಿ ಹುಟ್ಟುವುದು ಹೆಚ್ಚಾಗಿ ಬೀಜದಿಂದ ಬಿಟ್ಟ ತೆಳು ಸಿಪ್ಪೆ ಸೇರುವ ಡಬ್ಬದಲ್ಲಿ ಮತ್ತು ಎಣ್ಣೆಯ ಜಿಡ್ಡು ಹಿಡಿದ ಹೊಗೆಕೊಳವೆಯಲ್ಲಿ. ಬೀಜದ ಉಷ್ಣತೆ ತೋರಿಸುವ ಕಡ್ಡಿ ಯಂತ್ರದಲ್ಲೇ ಇರುತ್ತದೆಂದು ಸುಮ್ಮನಿರಬೇಡಿ. ಸಿಪ್ಪೆ ಡಬ್ಬದ ಆಚೆ, ಕೊಳವೆಯಲ್ಲಿ ಇನ್ನೊಂದು ಕಡ್ಡಿ ಬೇಕು. ದಿನವೂ ಡಬ್ಬ ಬರಿದು ಮಾಡಿದರೆ ಅರ್ಧ ಅಪಾಯ ಕಳೆದಂತೆ. ಗಂಟೆ ಹೊಡೆದರೆ ಮೊದಲು ಗ್ಯಾಸ್ ನಿಲ್ಲಿಸಿ. ಪೀಪಾಯಿಯ ಬಾಗಿಲು ತೆಗೆಯಬೇಡಿ. ಮುಂದಿನದನ್ನು ಯಂತ್ರ ತಯಾರಿಸಿದವರ ಕೈಪಿಡಿಯಲ್ಲಿ ಹೇಳಿದಂತೆ ಮಾಡಿ, ಮತ್ತು ಆ ಪುಟವನ್ನು ಗೋಡೆಗೆ ಅಂಟಿಸಿಡಿ. ಹಾಳೆ ತಟ್ಟೆಯ ಅಚ್ಚು ಇಟ್ಟುಕೊಂಡವರಿಗೂ ಒಂದು ಮಾತು: ಅಚ್ಚಿನ ಥರ್ಮೋಸ್ಟಾಟ್ ಅಂಟಿಕೊಂಡರೆ ಕಾವು ಏರುತ್ತಲೇ ಹೋಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ವಿದ್ಯುತ್ ಕಡಿಯುವ ಎರಡನೆಯ ಥರ್ಮೋಸ್ಟಾಟ್ ಹಾಕಿಸಿ.

ಇನ್ನು, ಸರಕಿಗಿಂತ ದೊಡ್ಡ ವಿಚಾರ. ಚಳಿಯ ರಾತ್ರಿ ಒಲೆ ನೋಡುವವರು ಡ್ರೈಯರಿನ ಪಕ್ಕದಲ್ಲೇ, ಬಾಗಿಲು ಹಾಕಿಕೊಂಡು, ಬೆಚ್ಚಗಿದೆಯೆಂದು ಮಲಗುತ್ತಾರೆ. ಹಸಿ ಸೌದೆಯೋ ಸಿಪ್ಪೆಯೋ ಗಾಳಿ ಸಾಲದೆ ಉರಿದರೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತುಕ್ಕು ಹಿಡಿದು ತೂತಾದ ಕೊಳವೆಯಿಂದ ಅದು ಕೋಣೆಗೆ ಬಂದರೆ ಮಲಗಿದವರು ಏಳುವುದಿಲ್ಲ. ಇದಕ್ಕೆ ಪ್ರತ್ಯೇಕ ಗಂಟೆ ಸಿಗುತ್ತದೆ. ಯುರೋಪಿನ ಮಾನಕದಂತೆ ಮಾಡಿದವು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ೩೦೦ ಭಾಗವಿದ್ದರೆ ೩ ನಿಮಿಷದೊಳಗೂ, ೧೦೦ ಭಾಗವಿದ್ದರೆ ೧೦ರಿಂದ ೪೦ ನಿಮಿಷದೊಳಗೂ ಕೂಗುತ್ತವೆ. ಅದನ್ನು ಮಲಗುವ ಜಾಗದ ಹತ್ತಿರ, ಮಲಗಿದವರ ತಲೆಯ ಮಟ್ಟಕ್ಕೆ ಕಟ್ಟಬೇಕು. ಹಾಲಿನ ಪುಡಿ ಮಾಡುವ ಕಾರ್ಖಾನೆಗಳಲ್ಲಿ ಒಣಗಿಸುವ ಯಂತ್ರದೊಳಗೆ ಪುಡಿ ಕರಿಯತೊಡಗಿದ್ದನ್ನು ಪತ್ತೆ ಮಾಡುವುದೂ ಇದೇ ಅನಿಲವನ್ನು ಅಳೆದೇ. ನಮ್ಮಲ್ಲಿ ಒಲೆಯೇ ಸೋರುವುದರಿಂದ ಆ ಲೆಕ್ಕ ಹೊಂದದು. ಆದರೆ ಮನುಷ್ಯರ ಕಾವಲಿಗೆ ಇದು ಬೇಕೇ ಬೇಕು. ಈ ಗಂಟೆ ಕೂಗಿದರೆ ಅದನ್ನು ಸುಳ್ಳು ಕೂಗು ಎನ್ನಬಾರದು. ಎದ್ದು ಹೊರಗೆ ಬರಬೇಕು, ಆಮೇಲೆ ಕಾರಣ ಹುಡುಕಬೇಕು. ಕೂಲಿಯವರು ಅಲ್ಲಿ ಮಲಗದಂತೆ ಬೇರೆ ಜಾಗ ಕೊಡುವುದು ಇನ್ನೂ ಉತ್ತಮ.

ಗಂಟೆಯ ಬಾಯಿ ಡ್ರೈಯರಿನ ಮನೆಯಲ್ಲಿದ್ದರೆ ಸಾಲದು, ಯಜಮಾನರು ಮಲಗುವ ಕೋಣೆಯಲ್ಲೂ ಇರಬೇಕು. ವಿದ್ಯುತ್ ಹೋದಾಗಲೂ ಹೊಡೆಯುವಂತೆ ಬ್ಯಾಟರಿ ಬೇಕು, ಅದನ್ನು ಬಿಸಿ ಕೋಣೆಯಲ್ಲಿ ಇಡಬಾರದು. ಫ್ಯಾನ್ ಇರುವ ಡ್ರೈಯರುಗಳಿಗೆ ವಿದ್ಯುತ್ ಹೋದ ಗಳಿಗೆಯೇ ಅಪಾಯದ ಗಳಿಗೆ. ಗಾಳಿ ನಿಂತಿತು, ಒಲೆ ಕೆಂಡವಾಗಿಯೇ ಇದೆ, ಶಾಖ ಹೋಗಲು ದಾರಿಯಿಲ್ಲದೆ ಕೊಳವೆ ಕಾಯುತ್ತದೆ. ಕೂಡಲೇ ಒಲೆಯ ಕೆಂಡವನ್ನು ಎಳೆದುಹಾಕಬೇಕು. ವಿದ್ಯುತ್ ಹೋದರೆ ಕೂಗುವ ಸಣ್ಣ ಗಂಟೆಯೊಂದನ್ನು ಇದಕ್ಕೆಂದೇ ಹಾಕಿಸಿದರೆ ನಷ್ಟವಿಲ್ಲ.

ಬೆಂಕಿಯ ಗಂಟೆ ಹೊಡೆದಾಗ ಡ್ರೈಯರಿನ ಬಾಗಿಲು ತೆಗೆದು ನೋಡುವುದು ಎಲ್ಲರ ಮೊದಲ ಬುದ್ಧಿ. ಅದನ್ನು ಮಾಡಬೇಡಿ. ಕರಿಯುತ್ತಿದ್ದದ್ದು ಗಾಳಿ ಸಿಕ್ಕಿ ಉರಿಯಾಗುತ್ತದೆ. ಫ್ಯಾನ್ ನಿಲ್ಲಿಸಿ, ಗಾಳಿ ಕಿಂಡಿ ಮುಚ್ಚಿ, ವಿದ್ಯುತ್ ಕಡಿದು, ನೀರು ಕೈಯಲ್ಲಿ ಸಿದ್ಧವಾದ ಮೇಲೆ ಬಾಗಿಲು ತೆಗೆಯಿರಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ೧೦೧ ಅಥವಾ ೧೧೨ಕ್ಕೆ ಫೋನ್ ಮಾಡಿರಲಿ. ಒಣಪುಡಿಯ ಸಿಲಿಂಡರ್ ಉರಿಯನ್ನು ಆರಿಸುತ್ತದೆ, ಸಿಪ್ಪೆಯೊಳಗಿನ ಕೆಂಡವನ್ನು ಆರಿಸಲು ನೀರೇ ಬೇಕು, ಎಳೆದು ಹರಡಿ ತೋಯಿಸಬೇಕು.

ಕಡ್ಡಿ ಸರಿಯಾಗಿದೆಯೇ ಎಂದು ಪ್ರತಿ ಸುಗ್ಗಿಯ ಮೊದಲು ನೋಡುವುದು ಸುಲಭ. ಕುದಿಯುವ ನೀರಿನಲ್ಲಿ ಅದ್ದಿರಿ. ಪುತ್ತೂರಿನ ಕಡೆಯವರಿಗೆ ೧೦೦ರ ಹತ್ತಿರ ತೋರಿಸಬೇಕು. ಚಿಕ್ಕಮಗಳೂರು, ಮಡಿಕೇರಿಗಳ ಎತ್ತರದಲ್ಲಿ ನೀರು ಸುಮಾರು ೯೬ಕ್ಕೇ ಕುದಿಯುತ್ತದೆ, ಅಲ್ಲಿನವರು ಕಡ್ಡಿ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಎರಡು ಮೂರು ಡಿಗ್ರಿ ವ್ಯತ್ಯಾಸ ಇರಬಹುದು, ಹತ್ತಿದ್ದರೆ ಬದಲಿಸಿ. ಶಾಖ ಸೂಚಕವನ್ನು ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿಗೆ ಹಿಡಿದು ನೋಡಬಹುದು. ದೀಪದ ಉರಿ ಹಿಡಿಯಬೇಡಿ. ಒಮ್ಮೆ ಮಾತ್ರ ಕೆಲಸ ಮಾಡುವ ಜಾತಿಯದಾದರೆ ಆ ಪರೀಕ್ಷೆಯೂ ಕೂಡದು, ಚೀಟಿ ಓದಿಕೊಳ್ಳಿ.

ಉಷ್ಣತೆಯ ಅಳತೆ ಬರೆದುಕೊಂಡ ಚೀಟಿಯನ್ನೂ, ಡ್ರೈಯರು, ಸೌದೆ ರಾಶಿ, ಮನೆಯ ಬಾಗಿಲು ಎಲ್ಲಿವೆ ಎಂಬ ಒಂದು ಕೈನಕ್ಷೆಯನ್ನೂ ಕಚೇರಿಗೆ ತಂದರೆ ಯಾವ ವರ್ಗದ ಸೂಚಕ, ಎಷ್ಟು ಅಡಿ ಕೇಬಲ್ ಎಂಬುದನ್ನು ಜೊತೆಯಲ್ಲಿ ಕೂತು ಲೆಕ್ಕ ಹಾಕೋಣ. ಸುಲಿಗೆ ಶುರುವಾದ ಮೇಲೆ ನಿಮಗೂ ಬಿಡುವಿರುವುದಿಲ್ಲ, ಕಚೇರಿಯಲ್ಲೂ ತೂಕದ ಗಡಿಬಿಡಿ. ಅದಕ್ಕೆ ಮುಂಚೆಯೇ ಬನ್ನಿ.